ಎರಡನೇ ಚಾಲಕಿ

ಮಾರ್ಚ್ 3, ಸೋಮವಾರ

ವಿಮಾ ಕಂಪನಿಯಿಂದ ಪತ್ರ ಬಂದಿದೆ. ನನ್ನ ಹತ್ತಿರ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ಲೂ ಇಲ್ಲ. ಇರುವುದೊಂದು ಬಸ್ ಪಾಸು, ಅದಕ್ಕೆ ಯಾರೂ ವಿಮೆ ಮಾಡಿಸುವುದಿಲ್ಲ. ಆದರೂ ಲಕೋಟೆಯ ಮೇಲೆ ನನ್ನದೇ ಹೆಸರು, ನನ್ನದೇ ಮನೆ ನಂಬರು. ‘ಮಾನ್ಯ ಎರಡನೇ ಚಾಲಕರೇ’ ಎಂದು ಶುರು.

ವಿಷಯ ಇಷ್ಟು. ಮಾಜಿ ಮಾವನವರಿಗೆ ಏಪ್ರಿಲ್‌ನಲ್ಲಿ ಎಂಬತ್ತು ತುಂಬುತ್ತದೆ. ಎಂಬತ್ತು ತುಂಬಿದವರ ಕಾರಿನ ವಿಮೆ ಮುಂದುವರಿಯಬೇಕಾದರೆ ಕಂಪನಿಯ ಪರೀಕ್ಷಕರು ಬಂದು, ಪಕ್ಕದಲ್ಲಿ ಕೂತು, ಅವರು ಓಡಿಸುವುದನ್ನು ನೋಡಬೇಕಂತೆ. ಪಾಲಿಸಿಯಲ್ಲಿ ಇನ್ನೊಬ್ಬರ ಹೆಸರಿದ್ದರೆ ಅವರೂ ಅದೇ ದಿನ ಅದೇ ಕಾರನ್ನು ಓಡಿಸಿ ತೋರಿಸಬೇಕು. ಪರೀಕ್ಷೆ ಏಪ್ರಿಲ್ ಹತ್ತಕ್ಕೆ, ಪಾಲಿಸಿ ಮುಗಿಯುವುದು ಹದಿನೈದಕ್ಕೆ. ಆ ಇನ್ನೊಬ್ಬಳು ನಾನು.

ಅವರ ಮಗನಿಗೂ ನನಗೂ ವಿಚ್ಛೇದನವಾಗಿ ನಾಲ್ಕು ವರ್ಷ ದಾಟಿತು. ಬ್ಯಾಂಕಿನ ಖಾತೆಯಿಂದ, ಆಸ್ಪತ್ರೆಯ ಕಾರ್ಡಿನಿಂದ, ಬಾಗಿಲ ಮೇಲಿನ ಫಲಕದಿಂದ ನನ್ನ ಹೆಸರು ಇಳಿದಿದೆ. ಕಾರಿನಿಂದ ಇಳಿದಿಲ್ಲ ಎಂಬುದು ಇವತ್ತು ಗೊತ್ತಾಯಿತು.

ಕಾರಣ ಊಹಿಸಲು ದೊಡ್ಡ ಬುದ್ಧಿ ಬೇಡ. ನಲವತ್ತೈದರವಳ ಹೆಸರೊಂದು ಜೊತೆಗಿದ್ದರೆ ವಯಸ್ಸಾದವರ ಕಂತು ಇಳಿಯುತ್ತದೆ. ಅಂದರೆ ನಾನು ಒಂದು ರಿಯಾಯಿತಿ.

ಗಂಡ ಹೋದ, ಗಂಟು ಹೋಯಿತು;
ಗೇರು ಬಾಕ್ಸಿಗೆ ನಂಟು ಉಳಿಯಿತು.

ಶನಿವಾರ ಹೋಗಿ ಹೆಸರು ತೆಗೆಸಿ ಬರುವುದು. ಅರ್ಧ ಗಂಟೆಯ ಕೆಲಸ.

ಮಾರ್ಚ್ 5, ಬುಧವಾರ

ಬಸ್ಸಿನಲ್ಲಿ ಇವತ್ತು ಎಡಗಡೆ ಸೀಟು ಸಿಕ್ಕಿತು. ನಾನು ಯಾವಾಗಲೂ ಬಲಗಡೆ ಕೂರುವವಳು, ಆ ಕಡೆ ಗಾಳಿ ಚೆನ್ನಾಗಿ ಬರುತ್ತದೆ. ಬಲಗಡೆ ಕೂತರೆ ಗಡಿಯಾರದ ಅಂಗಡಿಯ ತಿರುವಿನಲ್ಲಿ ಅವರ ಬೀದಿ ಕಾಣುತ್ತದೆ, ಬೂದು ಹೊದಿಕೆ ಹೊದ್ದ ಕಾರಿನ ಬೆನ್ನೂ ಕಾಣುತ್ತದೆ. ಅದು ಬೇರೆ ಮಾತು.

ಆಫೀಸಿನಲ್ಲಿ ಹೊಸ ಇಸ್ತ್ರಿ ಪೆಟ್ಟಿಗೆಯ ‘ಬಳಸುವ ಕ್ರಮ’ ಬರೆದು ಮುಗಿಸಿದೆ. ಹನ್ನೊಂದು ಎಚ್ಚರಿಕೆ. ‘ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಉಳಿದಿರುತ್ತದೆ’ ಎಂಬ ಸಾಲನ್ನು ಮೇಲಧಿಕಾರಿ ಹೊಡೆದು ಹಾಕಿದರು. ಜನರಿಗೆ ಅಷ್ಟು ಗೊತ್ತಿರುತ್ತದಂತೆ.

ಮಾರ್ಚ್ 8, ಶನಿವಾರ

ಅರ್ಧ ಗಂಟೆಯ ಕೆಲಸಕ್ಕೆ ಮೂರೂವರೆ ಗಂಟೆ ಹಿಡಿಯಿತು, ಕೆಲಸ ಆಗಲಿಲ್ಲ.

ಹತ್ತಕ್ಕೆ ಬರುತ್ತೇನೆಂದು ಪುಟ್ಟತ್ತೆಗೆ ಫೋನ್ ಮಾಡಿದ್ದೆ. ಪುಟ್ಟತ್ತೆ ಮಾಜಿ ಮಾವನವರ ತಂಗಿ, ನಿವೃತ್ತ ನರ್ಸು. ಅಣ್ಣ ತಂಗಿ ಇಬ್ಬರೂ ಅದೇ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಳವಾಡಿಕೊಂಡು ಆರೋಗ್ಯವಾಗಿದ್ದಾರೆ. ಬಸ್ಸು ತಡವಾಯಿತು. ಮಾಜಿ ಮಾವನವರು ಗೇಟಿನ ಬಳಿ ಕಾರಿನ ಗಾಜು ಒರೆಸುತ್ತಿದ್ದವರು ಕೈಗಡಿಯಾರ ನೋಡಿದರು.

“ಬಾ ಡ್ರೈವರಮ್ಮ. ನಾಲ್ಕು ವರ್ಷ, ಎರಡು ತಿಂಗಳು, ಹತ್ತು ನಿಮಿಷ ಲೇಟು.”

ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಮೊಹರು ಒತ್ತಿ, ಇಲ್ಲದಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಬರುತ್ತಿದ್ದವರು. ಕಾರಿನ ಬೀಗದ ಕೈಗೆ ಈಗಲೂ ಐವತ್ತು ಗ್ರಾಂನ ಹಿತ್ತಾಳೆ ತೂಕದ ಕಲ್ಲು ಕಟ್ಟಿಕೊಂಡಿದ್ದಾರೆ. ದಾರ ಪೋಣಿಸಲು ತೂತು ಕೊರೆದದ್ದರಿಂದ ಅದು ಈಗ ನಲವತ್ತೊಂಬತ್ತು ಗ್ರಾಂ, ಅಂಗಡಿಗೆ ಅನರ್ಹ ಎಂದು ತಾವೇ ಹೇಳುತ್ತಾರೆ.

ಅವರನ್ನು ಏನೆಂದು ಕರೆಯಬೇಕೆಂದು ಗೊತ್ತಾಗಲಿಲ್ಲ. ಹಳೆಯ ಸಂಬೋಧನೆಗೆ ಹಕ್ಕಿಲ್ಲ, ‘ಸಾರ್’ ಅನ್ನಲು ನಾಲಿಗೆ ಹೊರಳದು. ಏನೂ ಕರೆಯದೆ ಮಾತಾಡುವುದು ಕಷ್ಟದ ಕೆಲಸ, ಪ್ರತಿ ವಾಕ್ಯವನ್ನೂ ‘ಅಂದ ಹಾಗೆ’ ಎಂದು ಶುರು ಮಾಡಬೇಕಾಗುತ್ತದೆ.

“ಅಂದ ಹಾಗೆ, ನನ್ನ ಹೆಸರು ತೆಗೆಸಿಬಿಡೋಣ ಅಂತ ಬಂದೆ.”

“ಯಾಕೆ?”

“ಯಾಕೆ ಅಂದ್ರೆ... ನಾನೀಗ ಈ ಮನೆಯವಳಲ್ಲವಲ್ಲ. ‘ಚಾಲಕರಲ್ಲಿ ಬದಲಾವಣೆ ಇದೆಯೇ’ ಅಂತ ಫಾರಂನಲ್ಲಿ ಪ್ರತಿ ವರ್ಷ ಕೇಳ್ತಾರೆ. ನೀವು ಪ್ರತಿ ವರ್ಷ ‘ಇಲ್ಲ’ ಅಂತ ಬರೆದಿದೀರಿ. ನೀವು! ಎರಡು ಗ್ರಾಂ ವ್ಯತ್ಯಾಸಕ್ಕೆ ಅಂಗಡಿ ಮುಚ್ಚಿಸಿದವರು.”

“ಸರಿಯಾಗೇ ಬರೆದಿದೀನಿ. ಅವನು ಡೈವೋರ್ಸ್ ಮಾಡಿದ, ನೀನು ಮಾಡಿದೆ. ನಾನೆಲ್ಲಿ ಸೈನ್ ಮಾಡ್ದೆ? ಆ ಕಾಗದ ತಂದು ನನ್ನ ಸಹಿ ತೋರಿಸು, ಹೆಸರು ತೆಗೀತೀನಿ.”

ಒಳಗಿನಿಂದ ಪುಟ್ಟತ್ತೆ ಕೂಗಿದರು. “ನಾನೂ ಮಾಡಿಲ್ಲ ಕಣೇ! ಕಾಫಿಗೆ ಒಂದೂವರೆ ಚಮಚ ಸಕ್ಕರೆ ತಾನೆ? ಬದಲಾವಣೆ ಇದೆಯೇ?”

ಬದಲಾವಣೆ ಇರಲಿಲ್ಲ.

ಆಮೇಲೆ ಬೀಗದ ಕೈ ನನ್ನ ಅಂಗೈಯಲ್ಲಿತ್ತು, ಯಾರು ಇಟ್ಟರೋ. ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡೆ. ಅವರು ಪಕ್ಕದಲ್ಲಿ ಕೂತರು. ಆ ಕಡೆಯ ಕಾಲುಹಾಸಿನಲ್ಲಿ ನಾಣ್ಯದಗಲದ ತೂತು ಹಾಗೇ ಇದೆ. ಅತ್ತೆಗೆ ಮೂತ್ರಪಿಂಡ ಕೈಕೊಟ್ಟ ಎರಡು ವರ್ಷ ಸೋಮ, ಬುಧ, ಶುಕ್ರ ಡಯಾಲಿಸಿಸ್‌ಗೆ ಇದೇ ಕಾರಿನಲ್ಲಿ ಕರೆದೊಯ್ಯುತ್ತಿದ್ದೆವು. ಓಡಿಸುವವಳು ನಾನು, ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಅತ್ತೆ, ಪಕ್ಕದಲ್ಲಿ ಇವರು. ನನಗೆ ಓಡಿಸಲು ಕಲಿಸಿದವರೇ ಇವರಾದ್ದರಿಂದ ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಹಿಮ್ಮಡಿಯಿಂದ ಒತ್ತುತ್ತಿದ್ದರು. ಒತ್ತಿ ಒತ್ತಿ ಹಾಸು ಸವೆದು ತೂತು. ಅವರ ಮಗ ಆಗ ಬಹಳ ಬಿಜಿ ಇದ್ದರು.

ಕಾರು ಮೂರು ಸಲ ನಿಂತುಹೋಯಿತು. ಹಿಮ್ಮಡಿ ಮೂರು ಸಲ ತೂತಿಗೆ ಹೋಯಿತು.

“ಪರೀಕ್ಷೆವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸ. ಸಂತೆ ಮೈದಾನ ಖಾಲಿ ಇರುತ್ತೆ” ಎಂದರು.

ಹೆಸರು ತೆಗೆಸುವ ವಿಷಯ ಮುಂದಿನ ವಾರ ಮಾತಾಡಬೇಕು.

ಮಾರ್ಚ್ 9, ಭಾನುವಾರ

ಕ್ಲಚ್ಚು ಬಿಟ್ಟರೆ ಕುಪ್ಪಳಿಸುತ್ತೆ;
ಒತ್ತಿ ಹಿಡಿದರೆ ತೆಪ್ಪಗಿರುತ್ತೆ.

ಮೊಣಕಾಲು ನೋವು. ಪುಟ್ಟತ್ತೆ ಮುಲಾಮು ಕೊಟ್ಟರು. ಹೆಸರಿನ ವಿಷಯ ಮರೆತೇ ಹೋಯಿತು.

ಮಾರ್ಚ್ 16, ಭಾನುವಾರ

ಇವತ್ತು ರಿವರ್ಸ್ ಸರಿಯಾಗಿ ಬಂತು. “ಸ್ವಲ್ಪ ಎಡಕ್ಕೆ ವಾಲ್ತೀಯ. ಆದ್ರೆ ನಡೆಯುತ್ತೆ” ಎಂದರು ಮಾವನವರು. ಅವರ ಬಾಯಿಂದ ‘ನಡೆಯುತ್ತೆ’ ಬಂದರೆ ಬೇರೆಯವರ ಬಾಯಿಂದ ಚಪ್ಪಾಳೆ ಬಂದಂತೆ.

ವಾಪಸ್ಸು ಬರುವಾಗ ಅವರು ಓಡಿಸಿದರು. ಗೇರು ಬದಲಿಸಿದ್ದು ನನಗೆ ಗೊತ್ತೇ ಆಗುವುದಿಲ್ಲ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ಹಾಲಿನ ಡಿಪೋ ಹತ್ತಿರ ಎಡಗಡೆಯ ಸಂದಿಯಿಂದ ಒಂದು ವ್ಯಾನು ನುಗ್ಗಿತು. ನನಗೆ ಅದೇ ಹೊತ್ತಿಗೆ ಗಂಟಲು ಕೆರೆದು ಕೆಮ್ಮು ಬಂತು. ಅವರು ಬ್ರೇಕ್ ಹಾಕಿದರು. ವ್ಯಾನು ಹೋಯಿತು.

ಮೈದಾನದ ಧೂಳು ಇರಬೇಕು.

ಮಾರ್ಚ್ 19, ಬುಧವಾರ

ಊಟದ ಬಿಡುವಿನಲ್ಲಿ ವಿಮಾ ಏಜೆಂಟರ ಆಫೀಸಿಗೆ ಹೋದೆ. ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡು, ಪಕ್ಕದವರ ಐದನೆಯದನ್ನು ಕೇಳಿ ಬರೆಯುವ ಮನುಷ್ಯ.

“ಓ, ಎರಡನೇ ಚಾಲಕರು ನೀವೇನಾ ಮೇಡಂ? ನೋಡ್ಬೇಕು ನೋಡ್ಬೇಕು ಅಂತಿದ್ದೆ.”

“ನನ್ನ ಹೆಸರು ತೆಗೆದ್ರೆ ಅವರಿಗೆ ಕಂತು ಎಷ್ಟು ಜಾಸ್ತಿ ಬೀಳುತ್ತೆ?”

“ಜಾಸ್ತಿನಾ? ಕಮ್ಮಿ ಆಗುತ್ತೆ ಮೇಡಂ! ಒಬ್ಬರೇ ಓಡಿಸೋದು, ವರ್ಷಕ್ಕೆ ಇಷ್ಟೇ ಕಿಲೋಮೀಟರು ಅಂತ ಬರ್ಕೊಟ್ರೆ ವಯಸ್ಸಾದವರಿಗೆ ಬೇರೆ ಪಾಲಿಸಿ ಇದೆ. ಕಾಲು ಭಾಗ ಉಳಿಯುತ್ತೆ. ಎರಡನೇ ಹೆಸರಿದ್ರೆ ಅದು ಸಿಗಲ್ಲ. ಮೇಲಾಗಿ ನಿಮ್ಮ ಹೆಸರಲ್ಲಿ ಒಂದು ಕಂಬ ಬೇರೆ ಇದೆಯಲ್ಲ.”

“ಕಂಬ?”

“ಅಪಘಾತ ಮೇಡಂ. ಗೇಟಿನ ಕಂಬ. ಕ್ಲೇಮ್ ಆಗಿದೆ, ಐದು ವರ್ಷ ಅದಕ್ಕೆ ಹೆಚ್ಚುವರಿ ಕಟ್ಟಬೇಕು. ಈ ಏಪ್ರಿಲ್‌ಗೆ ಮಾಫಿ ಆಗುತ್ತೆ ಬಿಡಿ. ನಾನು ಪ್ರತಿ ವರ್ಷ ಹೇಳ್ತೀನಿ, ಸಾರ್ ಎರಡನೇ ಹೆಸರು ಹೊಡೆದು ಹಾಕಿ, ದುಡ್ಡು ಉಳಿಯುತ್ತೆ ಅಂತ. ಅವರು ನನ್ನ ಪೆನ್ನು ಕಿತ್ಕೊಂಡು ‘ಬದಲಾವಣೆ ಇಲ್ಲ’ ಅಂತ ಬರೀತಾರೆ. ಪೆನ್ನೂ ವಾಪಸ್ ಕೊಡಲ್ಲ.”

ಕಂಬ ನೆನಪಿದೆ. ಅತ್ತೆ ಹೋದ ದಿನ ಆಸ್ಪತ್ರೆಯಿಂದ ವಾಪಸ್ಸು ಬರುವಾಗ ಗೇಟಿನಲ್ಲಿ ಕಾರಿನ ಕೆನ್ನೆಯನ್ನು ಕಂಬಕ್ಕೆ ಉಜ್ಜಿದ್ದೆ. ಹಿಂದಿನ ಸೀಟಿನಲ್ಲಿ ಬರೀ ದಿಂಬು ಇತ್ತು. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಅವರು ಇಳಿದು, ಕಂಬ ನೋಡಿ, ಕಾರು ನೋಡಿ, ನನ್ನ ಕಡೆಯ ಬಾಗಿಲು ತೆಗೆದು, “ಕಂಬ ಸರಿಯಾಗಿದೆ, ಇಳಿ” ಎಂದಿದ್ದರು.

ನಾಲ್ಕು ವರ್ಷದಿಂದ ನಾನು ರಿಯಾಯಿತಿ ಅಲ್ಲ, ದಂಡ.

ಗುದ್ದಿದವಳು ನಾನು, ಕಟ್ಟಿದವರು ಅವರು. ಇದಕ್ಕೆ ಪ್ರಾಸ ಸಿಗಲಿಲ್ಲ. ಹುಡುಕಲೂ ಇಲ್ಲ.

ಮಾರ್ಚ್ 23, ಭಾನುವಾರ

ಕೇಳಿಯೇ ಬಿಟ್ಟೆ. “ಅಂದ ಹಾಗೆ, ಹೆಚ್ಚಿಗೆ ದುಡ್ಡು ಕಟ್ಟಿ ನನ್ನ ಹೆಸರು ಯಾಕೆ ಇಟ್ಕೊಂಡಿದ್ರಿ?”

“ಸೀಟ್ ಬೆಲ್ಟ್ ಹಾಕ್ಕೋ.”

ಮಾವನವರು ಸ್ನಾನಕ್ಕೆ ಹೋದಾಗ ಪುಟ್ಟತ್ತೆ ಹೇಳಿದರು. “ಆ ಪೆನ್ನಿನೋನು ಬಂದು ಬಡ್ಕೋತಾನೆ, ನಾನೂ ಬಡ್ಕೊಂಡೆ. ಇವನು ಏನಂತಾನೆ ಗೊತ್ತಾ? ‘ಅವಳು ಯಾವತ್ತಾದ್ರೂ ಬಂದು ಕಾರು ಬೇಕು ಅಂದ್ರೆ? ವಿಮೆ ಇಲ್ದೆ ಕೈಗೆ ಹೇಗೆ ಕೊಡ್ಲಿ?’ ಅಂತಾನೆ. ಬಾ ಅಂತ ಒಂದು ಫೋನ್ ಮಾಡೋಕೆ ಆಗ್ಲಿಲ್ಲ ಮಹಾರಾಯನಿಗೆ. ಪ್ರತಿ ವರ್ಷ ದುಡ್ಡು ಕಟ್ಕೊಂಡು ಕಾಯ್ತಿದ್ದ.”

ನಾನೂ ಒಂದು ಫೋನ್ ಮಾಡಿರಲಿಲ್ಲ. ಬಸ್ಸಿನಲ್ಲಿ ಬಲಗಡೆ ಕೂರುತ್ತಿದ್ದೆ ಅಷ್ಟೆ.

ಇವತ್ತು ಅವರು ಓಡಿಸುವಾಗ ಎರಡು ಸಲ ಕೆಮ್ಮು ಬಂತು. ಎರಡೂ ಸಲ ಬ್ರೇಕ್ ಚೆನ್ನಾಗಿ ಹಿಡಿಯಿತು.

ಮಾರ್ಚ್ 27, ಗುರುವಾರ

ಅವರ ಮಗನ ಫೋನ್, ಬೇರೆ ಊರಿನಿಂದ. ಧ್ವನಿ ಗುರುತು ಹಿಡಿಯಲು ಎರಡು ಸೆಕೆಂಡು ಬೇಕಾಯಿತು. ಒಂದು ಕಾಲದಲ್ಲಿ ಅವರ ಕೆಮ್ಮಿನಿಂದಲೇ ಮೂಡು ಹೇಳುತ್ತಿದ್ದೆ.

“ಅಪ್ಪನ ಹತ್ರ ಪ್ರತಿ ಭಾನುವಾರ ಹೋಗ್ತಿದೀಯಂತೆ?”

“ಹೌದು.”

“ನೋಡು, ಟೆಸ್ಟ್‌ನಲ್ಲಿ ಅಪ್ಪ ಫೇಲ್ ಆದ್ರೆ ವಿಮೆ ಇರಲ್ಲ. ವಿಮೆ ಇಲ್ದಿದ್ರೆ ಕಾರು ಮಾರಿಬಿಡ್ತೀನಿ, ಗಿರಾಕಿನೂ ನೋಡಿದೀನಿ. ಅಪ್ಪನೂ ಒಪ್ಪಿದಾರೆ. ಸುಮ್ನೆ ಆಸೆ ಹುಟ್ಟಿಸ್ಬೇಡ ಅವರಿಗೆ. ಅಷ್ಟಕ್ಕೂ ಈಗ ನಿನಗೂ ನಮ್ಮನೆಗೂ ಏನು ಸಂಬಂಧ?”

“ವಿಮಾ ಸಂಬಂಧ” ಎಂದೆ.

ಇಟ್ಟ ಮೇಲೆ ನಗು ಬಂತು. ಆಮೇಲೆ ಬರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ವಯಸ್ಸಾದ ತಂದೆಯ ಚಿಂತೆ. ಕಾರು ಮಾರಿದರೆ ಮಾರಲಿ. ನನಗೇನು? ಭಾನುವಾರ ತಡವಾಗಿ ಏಳಬಹುದು.

ನಾಲ್ಕು ವರ್ಷ ಭಾನುವಾರ ತಡವಾಗಿಯೇ ಎದ್ದಿದ್ದೆ. ಎದ್ದು ಏನು ಮಾಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ಒಂದೂ ನೆನಪಾಗುತ್ತಿಲ್ಲ.

ಮಾರ್ಚ್ 30, ಭಾನುವಾರ

ಮುಖ್ಯರಸ್ತೆ. ನಾನು ಹೋಗುವಾಗ ಓಡಿಸಿದೆ, ಮಾವ ಬರುವಾಗ. ಕೆಮ್ಮು ಐದು ಸಲ.

ಪುಟ್ಟತ್ತೆ ಬಾಗಿಲಲ್ಲೇ ನಿಲ್ಲಿಸಿ ಬಾಯಿ ತೆರೆಸಿ ಟಾರ್ಚ್ ಬಿಟ್ಟರು. “ಭಾನುವಾರ ಮಾತ್ರ ಬರೋ ಕೆಮ್ಮು ಯಾವ ಪುಸ್ತಕದಲ್ಲೂ ಓದಿಲ್ಲ ಕಣೇ. ಗಂಟಲು ಕನ್ನಡಿ ಇದ್ದ ಹಾಗಿದೆ. ನೋಡಬೇಕಾಗಿರೋದು ಬೇರೆಯವರ ಕಣ್ಣು.” ಆದರೂ ಕೈಯಲ್ಲೊಂದು ಸಿರಪ್ಪಿನ ಬಾಟಲಿ ಇಟ್ಟರು.

ಅವರ ಮಾತೇ ಹಾಗೆ, ತಲೆಬುಡ ಇರುವುದಿಲ್ಲ.

ಮಾವನ ಕಣ್ಣಿನ ಡಾಕ್ಟರ ಚೀಟಿ ಬಂದಿದೆ. ಗೋಡೆ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದರಂತೆ.

ಏಪ್ರಿಲ್ 6, ಭಾನುವಾರ

ಗೋಡೆ ಮೇಲಿನ ಅಕ್ಷರಗಳು ಎಡಗಡೆಯಿಂದ ನುಗ್ಗುವುದಿಲ್ಲ.

ಇವತ್ತು ಒಬ್ಬ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಎಡಗಡೆಯ ಕಾಲುದಾರಿಯಿಂದ ಇಳಿದಳು. ನಾನು ಕೆಮ್ಮಿದೆ. ಗಂಟಲು ಕೆರೆದಿರಲಿಲ್ಲ. ಇಷ್ಟು ದಿನ ಯಾವತ್ತೂ ಕೆರೆದಿರಲಿಲ್ಲ. ಧೂಳು ಎಂದು ಬರೆದೆ. ಈ ಪುಸ್ತಕವನ್ನು ನಾನೊಬ್ಬಳೇ ಓದುವುದು, ಅದಕ್ಕೂ ಸುಳ್ಳು ಬರೆದೆ.

ಎಚ್ಚರಿಕೆ ಬರೆದು ಸಂಬಳ ತೆಗೆದುಕೊಳ್ಳುವವಳು ನಾನು. ‘ತಂತಿ ಸವೆದಿದ್ದರೆ ಬಳಸಬೇಡಿ.’ ಸಾವಿರಾರು ಮನೆಗೆ ಹೋಗುವ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ಕೂತ ಒಬ್ಬರಿಗೆ ಹೇಳಲಾಗುತ್ತಿಲ್ಲ.

ಹೇಳಿದರೆ ಕಾರು ಹೋಗುತ್ತದೆ. ಕಾರು ಹೋದರೆ ಏಳು ಗಂಟೆ ಹೋಗುತ್ತದೆ. ಆಮೇಲೆ ಯಾವ ನೆಪ ಹೇಳಿ ಆ ಗೇಟು ತೆಗೆಯಲಿ? ಕಾಫಿ ಕುಡಿಯಲು ಬಂದೆ ಎನ್ನಲೇ? ಯಾರು ನಾನು ಎಂದು?

ಬುಧವಾರ ಫೋನ್ ಮಾಡಿ ಹೇಳುವುದು.

ಏಪ್ರಿಲ್ 9, ಬುಧವಾರ

ಫೋನ್ ಮಾಡಿದೆ. “ನಾಳೆ ಹತ್ತಕ್ಕೆ ಪರೀಕ್ಷೆ, ಅರ್ಧ ಗಂಟೆ ಮುಂಚೆ ಬಾ. ನೀಲಿ ಚಪ್ಪಲಿ ಬೇಡ, ಬ್ರೇಕ್ ಮೇಲೆ ಜಾರುತ್ತೆ” ಎಂದರು. “ಸರಿ” ಎಂದೆ. ಇಟ್ಟೆ.

ಏಪ್ರಿಲ್ 10, ಗುರುವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಪರೀಕ್ಷಕಿ ನನಗಿಂತ ಹದಿನೈದು ವರ್ಷ ಚಿಕ್ಕವಳು, ಕೈಯಲ್ಲಿ ಟ್ಯಾಬ್. ಮೊದಲು ನಾನು ಓಡಿಸಿದೆ, ಮಾವ ಹಿಂದಿನ ಸೀಟಿನಲ್ಲಿದ್ದರು. ಎಲ್ಲ ಸರಿಯಾಯಿತು. “ಕನ್ನಡಿ ನೋಡೋದು ಸ್ವಲ್ಪ ಜಾಸ್ತಿ ಆಯ್ತು ಮೇಡಂ” ಎಂದಳು. ಕನ್ನಡಿಯಲ್ಲಿ ರಸ್ತೆ ನೋಡುತ್ತಿರಲಿಲ್ಲ. ಅಲ್ಲಿ ಮಾವ ಕೂತಿದ್ದರು, ಅತ್ತೆ ಕೂರುತ್ತಿದ್ದ ಕಡೆ.

ಆಮೇಲೆ ಮಾವ. ನಾನು ಹಿಂದೆ. ಇಸ್ತ್ರಿ ಮಾಡಿದ ಅಂಗಿ, ಬೆನ್ನು ನೆಟ್ಟಗೆ. ತಿರುವು, ಏರು, ರಿವರ್ಸ್, ಎಲ್ಲ ಬೆಣ್ಣೆ. ಅಂಚೆ ಕಚೇರಿಯ ಬಳಿ ಎಡಗಡೆಯಿಂದ ಒಂದು ಸೈಕಲ್ ಬಂತು. ಒಂದು ಕ್ಷಣ ಕಾದೆ, ನೋಡುತ್ತಾರೇನೋ ಎಂದು. ಕಾರು ನಿಧಾನವಾಗಲಿಲ್ಲ. ಕೆಮ್ಮಿದೆ. ಬ್ರೇಕ್ ಬಿತ್ತು. ಸೈಕಲ್ಲಿನವನು ನಮ್ಮ ಕಡೆ ತಿರುಗಿಯೂ ನೋಡದೆ ಹೋದ.

ಗೇಟಿನ ಮುಂದೆ ನಿಲ್ಲಿಸಿದ ಮೇಲೆ ಪರೀಕ್ಷಕಿ ನಕ್ಕಳು. “ಬಹಳ ಚೆನ್ನಾಗಿ ಓಡಿಸ್ತೀರಿ ಸಾರ್. ಪಾಸ್ ಅಂತ ಹಾಕ್ತಿದೀನಿ.”

“ಹಾಕ್ಬೇಡಿ” ಎಂದರು ಮಾವ.

“ಯಾಕೆ ಸಾರ್?”

“ಅಂಚೆ ಕಚೇರಿ ಹತ್ರ ಸೈಕಲ್ ಬಂತಲ್ಲ, ಅದನ್ನ ನಾನು ನೋಡ್ಲಿಲ್ಲ.”

“ಬ್ರೇಕ್ ಹಾಕಿದ್ರಲ್ಲ?”

“ಹಿಂದೆ ಇವಳು ಕೆಮ್ಮಿದಳು. ನಾನು ಬ್ರೇಕ್ ಹಾಕಿದ್ದು ಕೆಮ್ಮಿಗೆ, ಸೈಕಲ್‌ಗಲ್ಲ. ನಾಲ್ಕು ವಾರದಿಂದ ಹಾಗೇ ನಡೀತಿದೆ. ತಟ್ಟೆ ಕೆಳಗೆ ಬೆರಳು ಕೊಟ್ಟು ತೂಗೋ ತಕ್ಕಡಿಗೆ ನಾನು ಯಾವತ್ತೂ ಮೊಹರು ಹಾಕಿದೋನಲ್ಲ. ನೀವೂ ಹಾಕ್ಬೇಡಿ ಮಗಳೇ.”

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ದಿಂಬು ಇರುತ್ತಿದ್ದ ಜಾಗ ನೋಡಿದೆ.

ಅವಳು ಹೋದ ಮೇಲೆ ಬೀದಿಯಲ್ಲೇ ಜೋರಾಗಿ ಕೇಳಿದೆ. “ಯಾಕೆ ಹೇಳಿದ್ರಿ ಮಾವ? ಪಾಸಾಗಿತ್ತಲ್ಲ! ಯಾಕೆ?”

“ಭಾನುವಾರ ನೀನಿರ್ತೀಯ. ಮಂಗಳವಾರ ಯಾರು ಕೆಮ್ತಾರೆ?”

ನಾನು ಚೀಲ ಎತ್ತಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಎಡಗಡೆ ಕೂತೆ.

ಏಪ್ರಿಲ್ 11, ಶುಕ್ರವಾರ

ಕೆಮ್ಮಿಲ್ಲ. ಸಿರಪ್ಪಿನ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಕೂತಿದೆ.

ಏಪ್ರಿಲ್ 13, ಭಾನುವಾರ

ಆರಕ್ಕೆ ಎಚ್ಚರವಾಯಿತು. ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ಏಳಕ್ಕೆ ಸರಿಯಾಗಿ ನೋಡಿಕೊಂಡರೆ, ಸ್ನಾನ ಮಾಡಿ, ಜಾರದ ಚಪ್ಪಲಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದೇನೆ.

ಫೋನ್ ಬಂತು. ಪುಟ್ಟತ್ತೆ.

“ಏನೇ, ಎದ್ದಿದೀಯಾ? ಇವನು ಆರಕ್ಕೇ ಕಾರಿನ ಹೊದಿಕೆ ತೆಗೆದು ಒಳಗೆ ಕೂತಿದಾನೆ. ತಿಂಡಿಗೆ ಕರೆದ್ರೂ ಬರ್ತಿಲ್ಲ.”

“ಅಯ್ಯೋ, ಓಡಿಸ್ಕೊಂಡು ಹೊರಟುಬಿಟ್ರೆ?”

“ಎಲ್ಲಿ ಓಡಿಸ್ತಾನೆ? ಪಕ್ಕದ ಸೀಟಲ್ಲಿ ಕೂತಿದಾನೆ.”

ಬಸ್ಸಿಗೆ ಕಾಯಲಿಲ್ಲ, ಟ್ಯಾಕ್ಸಿ ಹಿಡಿದೆ. ಮಾವ ಬೆಲ್ಟ್ ಹಾಕಿಕೊಂಡು ನೇರ ಮುಂದೆ ನೋಡುತ್ತಾ ಕೂತಿದ್ದರು. ತಕ್ಕಡಿಯ ಮುಳ್ಳಿನ ಹಾಗೆ.

“ಮಂಗಳವಾರ ಪಾಲಿಸಿ ಮುಗಿಯುತ್ತೆ” ಎಂದರು ನನ್ನ ಕಡೆ ತಿರುಗದೆ. “ಆ ಪೆನ್ನಿನೋನಿಗೆ ಫೋನ್ ಮಾಡಿ ಕೇಳ್ದೆ. ಮೊದಲನೇ ಹೆಸರು ಹೊಡೆದು ಎರಡನೇದನ್ನ ಮೇಲಕ್ಕೆ ತರಬಹುದಂತೆ. ಕಾರು ನನ್ನದೇ ಇರುತ್ತೆ, ಓಡಿಸೋಳು ನೀನೊಬ್ಬಳೇ. ನಾನು ಸ್ಟೀರಿಂಗ್ ಮುಟ್ಟಿದ್ರೆ ವಿಮೆ ಇಲ್ಲ. ನಿನ್ನ ಕಂಬನೂ ಈ ತಿಂಗಳು ಬಿದ್ದುಹೋಗುತ್ತೆ, ಕಂತು ಕಮ್ಮಿ.” ಬೆಲ್ಟನ್ನು ಸರಿಮಾಡಿಕೊಂಡರು. “ನಿನಗೆ ನಿನ್ನ ಜೀವನ ಇದೆ. ಬೇಡ ಅಂದ್ರೆ ಬೇಡ ಅನ್ನು. ಅವನು ಗಿರಾಕಿ ನೋಡಿದಾನೆ, ಮಾರ್ಕೊಳ್ಲಿ.”

ಬೀಗದ ಕೈ ಡ್ರೈವರ್ ಸೀಟಿನ ಮೇಲಿತ್ತು, ನಲವತ್ತೊಂಬತ್ತು ಗ್ರಾಂ ಹಿತ್ತಾಳೆಯ ಸಮೇತ.

ಅದನ್ನು ಎತ್ತಿಕೊಂಡೆ. ಕೂತು, ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡೆ.

ಏಪ್ರಿಲ್ 14, ಸೋಮವಾರ

ಮಾವ, ಪುಟ್ಟತ್ತೆ ಇಬ್ಬರನ್ನೂ ಕಾರಿನಲ್ಲಿ ಏಜೆಂಟರ ಆಫೀಸಿಗೆ ಕರೆದೊಯ್ದೆ, ಸಹಿ ಆಯಿತು. ‘ಚಾಲಕರಲ್ಲಿ ಬದಲಾವಣೆ ಇದೆಯೇ’ ಎಂಬಲ್ಲಿ ಮಾವ ‘ಇದೆ’ ಎಂದು ಬರೆದರು. ಆ ಎರಡು ಅಕ್ಷರ ಬರೆಯಲು ಬಹಳ ಹೊತ್ತು ತೆಗೆದುಕೊಂಡರು. ಈ ಸಲ ಪೆನ್ನು ವಾಪಸ್ ಕೊಟ್ಟರು. ಏಜೆಂಟರಿಗೆ ಏನು ಮಾಡಬೇಕೋ ತೋಚಲಿಲ್ಲ, ಮತ್ತೆ ಅವರ ಕೈಗೇ ಕೊಟ್ಟುಬಿಟ್ಟರು.

ಅಷ್ಟರಲ್ಲಿ ಅವರ ಮಗನ ಫೋನ್ ಬಂತು. ಮಾವ ಸ್ಪೀಕರ್ ಹಾಕಿದರು, ಅವರಿಗೆ ಅದು ಆರಿಸಲು ಬರುವುದಿಲ್ಲ.

“ಅಪ್ಪ, ಗಿರಾಕಿ ನಾಳೆ ಬರ್ತಾರೆ.”

“ಬರೋದು ಬೇಡ. ವಿಮೆ ಆಯ್ತು.”

“ಹೇಗೆ? ನೀವು ಫೇಲಲ್ವಾ? ಓಡಿಸೋರು ಯಾರು?”

“ನನ್ನ ಸೊಸೆ” ಎಂದರು ಮಾವ. “ನಿನಗೆ ಗೊತ್ತಿರಬೇಕು, ಒಂದ್ಸಲ ಪರಿಚಯ ಆಗಿತ್ತು ನಿಂಗೆ.”

ಪುಟ್ಟತ್ತೆ ನಗು ತಡೆಯಲಾಗದೆ ಕೆಮ್ಮಿದರು. ಮಾವನ ಹಿಮ್ಮಡಿ ತಾನಾಗಿ ನೆಲ ಒತ್ತಿತು.

ವಾಪಸ್ಸು ಬಂದು ಕಾರು ನಿಲ್ಲಿಸಿ, ನನ್ನ ಮನೆಗೆ ಹೊರಡುವಾಗ ನೋಡಿದೆ. ಪ್ರತಿ ವಾರ ನಾನು ಇಳಿದ ಮೇಲೆ ಅವರು ಸೀಟನ್ನು ಎರಡು ಹಲ್ಲು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ಇವತ್ತು ಕೈ ಅಲ್ಲಿಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಸುಮ್ಮನೆ ಸೀಟಿನ ಧೂಳು ಒರೆಸಿ, ಬಾಗಿಲು ಹಾಕಿದರು.

ಏಪ್ರಿಲ್ 20, ಭಾನುವಾರ

“ಎಲ್ಲಿಗೆ ಮಾವ?” ಎಂದೆ.

“ಸೋಮ ಬುಧ ಶುಕ್ರದ ದಾರಿ ನೆನಪಿದೆಯಾ?”

ನೆನಪಿತ್ತು. ಐದು ವರ್ಷದಿಂದ ಆ ದಾರಿಯಲ್ಲಿ ನಾನು ಹೋಗಿಲ್ಲ, ಅವರೂ ಹೋಗಿಲ್ಲವಂತೆ. ಔಷಧಿ ಅಂಗಡಿ ಈಗ ಮೊಬೈಲ್ ಅಂಗಡಿಯಾಗಿದೆ. ಅತ್ತೆ ಪ್ರತಿ ಸಲ “ಇಲ್ಲಿ ಮೆಲ್ಲಗೆ, ಹೊಟ್ಟೆ ಕುಲುಕುತ್ತೆ” ಎನ್ನುತ್ತಿದ್ದ ಉಬ್ಬು ಹಾಗೇ ಇದೆ. ಮೆಲ್ಲಗೆ ದಾಟಿಸಿದೆ. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

ಮಾವ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದರು. ಹಿಮ್ಮಡಿ ಹಳೆಯ ತೂತಿಗೇ ಹೋಗುತ್ತಿತ್ತು, ಹೊಸ ಹಾಸು ತರುತ್ತೇನೆಂದರೆ ಬೇಡವಂತೆ. “ಗೇರು.” “ಹಾರನ್.” “ಅವನಿಗೆ ದಾರಿ ಬಿಡು.” ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಲಿಲ್ಲ, ಸುತ್ತು ಹಾಕಿ ವಾಪಸ್ಸು ತಿರುಗಿಸಿದೆ. ಅವರೂ ನಿಲ್ಲಿಸು ಎನ್ನಲಿಲ್ಲ.

ಸೇತುವೆ ದಾಟುವಾಗ ಮುಂದಿನ ಲಾರಿ ನಿಧಾನವಾಯಿತು. ನಾನು ಬ್ರೇಕ್ ಹಾಕಿದೆ. ಪಕ್ಕದಲ್ಲಿ ಸದ್ದಿಲ್ಲ. ಕಾಲು ನೋಡಿದೆ. ತೂತಿನಿಂದ ಒಂದು ಗೇಣು ಆಚೆ, ಸಡಿಲವಾಗಿ ಚಾಚಿಕೊಂಡಿತ್ತು. ತಲೆ ಕಿಟಕಿಗೆ ಒರಗಿತ್ತು. ಎರಡು ವರ್ಷ ವಾರಕ್ಕೆ ಮೂರು ಸಲ ನನ್ನ ಪಕ್ಕ ಕೂತವರು, ಒಂದು ಸಲವೂ ರೆಪ್ಪೆ ಮುಚ್ಚಿದವರಲ್ಲ.

ಗಡಿಯಾರದ ಅಂಗಡಿಯ ತಿರುವು ಬಂತು. ಪುಟ್ಟತ್ತೆ ತಿಂಡಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ನಮ್ಮ ಬಸ್ಸು ಹೋಗುತ್ತಿತ್ತು, ಬಲಗಡೆಯ ಕಿಟಕಿಯಲ್ಲಿ ಯಾರೋ ಕೂತಿದ್ದರು. ನಾನು ತಿರುಗಿಸದೆ ನೇರ ಹೋದೆ, ಮತ್ತೆ ಸೇತುವೆಯ ಕಡೆಗೆ, ಇನ್ನೊಂದು ಸುತ್ತು.

ಅಂಚೆ ಕಚೇರಿಯ ಬಳಿ ಎಡಗಡೆಯಿಂದ ಒಂದು ಸೈಕಲ್ ಬಂತು. ಮೊದಲೇ ನೋಡಿದ್ದೆ. ಬ್ರೇಕ್ ಒತ್ತಿದೆ, ಬಹಳ ಮೆಲ್ಲಗೆ, ಮಾವನಿಗೆ ಎಚ್ಚರವಾಗದ ಹಾಗೆ.